ಅವ್ವ ಮುಚ್ಚಿಟ್ಟ ಒದ್ದೆ

ಸಿಂಗಟಗೆರೆ
16-2-1962

ಪ್ರೀತಿಯ ವಿಮಲಾ,

ನೀನೂ ಹೊಟ್ಟೆಯಲ್ಲಿರುವ ಕೂಸೂ ಕ್ಷೇಮವೆಂದು ನಂಬಿದ್ದೇನೆ. ಕಾಲಿನ ಬಾವು ಇಳಿಯಿತೇ? ಅಜ್ಜಂಪುರದ ಡಾಕ್ಟರು ಉಪ್ಪು ಕಡಿಮೆ ಮಾಡಲು ಹೇಳಿದ್ದನ್ನು ಮರೆಯಬೇಡ. ನಾನು ಚೆನ್ನಾಗಿದ್ದೇನೆ. ಮುದ್ದೆ ತಿರುವಲು ಕಲಿತೆ, ಗಂಟು ಮಾತ್ರ ಉಳಿಯುತ್ತದೆ.

ಇನ್ನು ಅವ್ವನ ವಿಷಯ. ನೀನು ಹೆರಿಗೆಗೆಂದು ತವರಿಗೆ ಹೊರಟ ಮೇಲೆ ಅವಳ ಹಾಸಿಗೆ ನೋಡುವ ಕೆಲಸ ನನ್ನದಾಯಿತು. ಲಕ್ವ ಹೊಡೆದಾಗಿನಿಂದ ಒಂದು ವರ್ಷ ನೀನು ಮಾಡುತ್ತಿದ್ದದ್ದನ್ನು ನಾನು ಬಾಗಿಲಲ್ಲಿ ನಿಂತೂ ನೋಡಿರಲಿಲ್ಲ. ಶಾಲೆಗೆ ಹೋಗುವ ಮುಂಚೆ ಒಮ್ಮೆ, ಸಂಜೆ ಬಂದು ಒಮ್ಮೆ ಬಟ್ಟೆ ಬದಲಿಸಿದರೆ ಸಾಕೆಂದುಕೊಂಡೆ. ಹಾಸಿಗೆ ನೆನೆಯಬಾರದೆಂದು ಕಡೂರಿನಿಂದ ರಬ್ಬರ್ ಶೀಟು ತಂದು ಅವಳ ಮೈಯಡಿಗೇ ಹಾಸಿದೆ. ಮಧ್ಯಾಹ್ನ ಪಕ್ಕದ ಮನೆಯ ಕೆಂಚಮ್ಮ ಬಂದು ಒದ್ದೆಯಾಗಿದೆಯೇ ಎಂದು ಕೇಳಿದರೆ ಅವ್ವ, "ಒಣಗೈತೆ ಕಣೇ, ಹೋಗು" ಅನ್ನುತ್ತಿದ್ದಳಂತೆ. ಒದ್ದೆಯಲ್ಲೇ ಮಲಗಿರುತ್ತಿದ್ದಳು. ನಾನು ಸೀರೆ ಸರಿಸಿದರೆ ಕಣ್ಣು ಮುಚ್ಚಿಕೊಂಡು, "ಗಂಡ್ಮಗ ಮಾಡೋ ಕೆಲ್ಸವೇನೋ ಇದು" ಎನ್ನುವಳು. ಆಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು.

ಹನ್ನೆರಡನೆಯ ದಿನ ನೋಡಿದರೆ ಸೊಂಟದ ಕೆಳಗೆ, ತೊಡೆಸಂದಿಯಲ್ಲಿ ಚರ್ಮ ಕೆಂಪಾಗಿ ಸುಲಿದು ನೀರು ಒಸರುತ್ತಿತ್ತು. ಸೋಪು ಹಚ್ಚಿ ಉಜ್ಜಿ ತೊಳೆದು ಪೌಡರು ಸುರಿದೆ. ಎರಡು ದಿನದಲ್ಲಿ ಇನ್ನೂ ಹೆಚ್ಚಿತು. ಸೈಕಲ್ಲಿನಲ್ಲಿ ಚೌಳಹಿರಿಯೂರಿಗೆ ಹೋಗಿ, ಅಲ್ಲಿ ತಮ್ಮನ ಮನೆಯಲ್ಲಿರುವ ನಿವೃತ್ತ ನರ್ಸ್ ಕಾಶಮ್ಮನವರನ್ನು ಕೇಳಿಕೊಂಡೆ. ಮರುದಿನ ಗಾಡಿಯಲ್ಲಿ ಬಂದರು. "ಮೇಷ್ಟ್ರೇ, ತಪ್ಲೆ ತಿಕ್ಕಿದಂಗೆ ತಿಕ್ಕಿದ್ದೀರಲ್ಲ, ಇದು ಚರ್ಮ ಕಣ್ರೀ" ಎಂದರು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಹಳೆಯ ಪಂಚೆಯ ತುಂಡಿನಿಂದ ಉಜ್ಜದೆ ಒತ್ತಿ ಒತ್ತಿ ಒಣಗಿಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಜಿಂಕ್ ಮುಲಾಮನ್ನು ತೆಳ್ಳಗೆ ಸವರಿದರು. ರಬ್ಬರ್ ಶೀಟಿನ ಮೇಲೆ ಮಡಿಸಿದ ಹತ್ತಿ ಸೀರೆ ಹಾಸಿಸಿದರು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ, ಕೈಯಿಟ್ಟು ಒದ್ದೆ ನೋಡಬೇಕಂತೆ. ಅವ್ವನಿಗೆ, "ನೀರು ಬಿಟ್ರೆ ಉಚ್ಚೆ ಇನ್ನೂ ಉರೀತದೆ, ಕುಡೀರಿ. ನಾಚ್ಕೆಗೆ ನನ್ಹತ್ರ ಮುಲಾಮಿಲ್ಲ" ಎಂದರು. ಅವ್ವ ಅತ್ತಳು. ನಾನು ಎದ್ದು ಹೊರಗೆ ಹೋಗಲಿಲ್ಲ.

ಶಾಲೆಗೆ ರಜೆ ಹಾಕಿದ್ದೇನೆ. ಇಂದಿಗೆ ಒಂಬತ್ತು ದಿನ. ಹೊಸ ಚರ್ಮ ಬರುತ್ತಿದೆ, ಎಡಗಡೆ ಒಂದು ಕಾಸಿನಗಲ ಉಳಿದಿದೆ. ಒದ್ದೆಯಾದರೆ ಈಗ ಅವಳೇ ಕರೆಯುತ್ತಾಳೆ. ನಿನ್ನೆ ನಾನು ಹಿತ್ತಲಿನಲ್ಲಿದ್ದೆ, ತಡವಾಯಿತೆಂದು ಬೈದಳು.

ನಿನ್ನ ಅಪ್ಪ ಅವ್ವನಿಗೆ ನನ್ನ ಶರಣು ತಿಳಿಸು. ತಲೆಯ ಮೇಲೆ ಕೈಯಿಟ್ಟಿದ್ದೇನೆಂದು ತಿಳಿದುಕೋ ಅಂತ ಬರೆಯಲು ಅವ್ವ ಹೇಳಿದ್ದಾಳೆ.

ಇಂತಿ ನಿನ್ನ,
ಷಣ್ಮುಖಪ್ಪ

ವಿ.ಸೂ.: ಅಂಚೆ ಚೀಲ ಹೊರಡುತ್ತಿದೆ. ಹುಣ್ಣು ಕಂಡ ದಿನವೇ, ಇದು ನೀನಿದ್ದಾಗಲೇ ಆದದ್ದು, ನೀನು ನನಗೆ ಹೇಳದೆ ಹೋದೆ ಎಂದು ನಿನ್ನನ್ನೇ ದೂರಿ ಕಾರ್ಡು ಗೀಚಿ ಹಾಕಿದ್ದೆ. ನೀನು ಉತ್ತರ ಬರೆಯಲಿಲ್ಲ. ಕಾಶಮ್ಮನವರು ಬೆನ್ನು ನೋಡಿ, "ಹಳೇ ಕಲೆ ಒಂದೂ ಇಲ್ಲ, ಒಂದು ವರ್ಷ ಯಾರು ನೋಡ್ಕೊಂಡ್ರು?" ಎಂದು ಕೇಳಿದರು. ತಪ್ಪು ನನ್ನದು. ಅದು ತೆರೆದ ಕಾರ್ಡು, ನಿಮ್ಮ ಮನೆಯಲ್ಲಿ ಎಲ್ಲರೂ ಓದಿರುತ್ತಾರೆ. ಈ ಕಾಗದವನ್ನೂ ಮಾವನವರ ಎದುರಿಗೆ ಗಟ್ಟಿಯಾಗಿ ಓದು.