ನಲವತ್ತೊಂದನೆಯ ಉಲ್ಲೇಖ

ಅಪ್ಪಾ, ಕಾಮಾಲೆ ರೋಗದ ಬಗೆಗಿನ ನಿಮ್ಮ ಸಂಶೋಧನಾ ಪ್ರಬಂಧಕ್ಕೆ ನಲವತ್ತೊಂದನೆಯ ಉಲ್ಲೇಖ ಸಿಕ್ಕಿತು, ಅದೂ ನನ್ನ ಲೇಖನದಲ್ಲಿ!

ಮದುವೆಯ ನಂತರ ಗಂಡನ ಹೆಸರು ಸೇರಿಸಿಕೊಂಡು ಕಳಿಸಿದ ಮೊದಲ ಲೇಖನವಿದು. ನಾನು ನಿಮ್ಮ ಮಗಳೆಂದು ಗೊತ್ತಿಲ್ಲದ ಪತ್ರಿಕೆಯ ಪರಿಶೀಲಕರು, "ಈ ವಿಷಯಕ್ಕೆ ಬುನಾದಿಯಾದ ಪ್ರಬಂಧವನ್ನೇ ಲೇಖಕಿ ಓದಿದಂತಿಲ್ಲ" ಎಂದು ನಿಮ್ಮದನ್ನು ಸೂಚಿಸಿದ್ದರು. ನನ್ನವರು ಬಿದ್ದು ಬಿದ್ದು ನಕ್ಕರು.

"ಮಾವನ ಪೇಪರ್ ಓದಿಲ್ವೇನೇ?"

"ಬಾಯಿಪಾಠ ಬರುತ್ತೆ ರೀ! ಅಪ್ಪನ ಹೆಸರು ಹೇಳ್ಕೊಂಡು ಮೇಲೆ ಬಂದ್ಳು ಅಂತ ಜನ ಆಡ್ಕೊಳ್ತಾರೆ ಅಂತ ಒಂಬತ್ತು ಪೇಪರಲ್ಲೂ ಅದನ್ನ ಬಿಟ್ಟಿದ್ದೆ."

ನೀವು ತೀರಿಕೊಳ್ಳುವವರೆಗೂ ಒಮ್ಮೆಯೂ ಏಕೆ ಬಿಟ್ಟೆ ಎಂದು ಕೇಳಲಿಲ್ಲ. ನನ್ನ ಲೇಖನ ಅಚ್ಚಾದಾಗಲೆಲ್ಲ ಕೊನೆಯ ಪುಟದ ಉಲ್ಲೇಖಗಳ ಪಟ್ಟಿಯನ್ನೇ ಮೊದಲು ತೆರೆದು, ಮೇಲಿಂದ ಕೆಳಗಿನವರೆಗೆ ಬೆರಳಾಡಿಸಿ, "ಚೆನ್ನಾಗಿದೆ ಮಗಳೇ" ಎನ್ನುತ್ತಿದ್ದಿರಿ.

ಈ ಸಲದ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡಿದ್ದೇನೆ. ಅಮ್ಮನಿಗೆ ಹೇಳಿದ್ದೇನೆ, ಭಾನುವಾರ ಬೆಳಗಿನ ಏಳೂವರೆಯ ಪ್ಯಾಸೆಂಜರ್ ರೈಲಿಗೆ ಊರಿಗೆ ಬರುತ್ತೇನೆ.