ಕೌದಿಯ ಹಾಳೆ

ಮುರಗೋಡ
ತಾ. ೩೦ ಜನವರಿ ೧೯೯೯

ಪ್ರೀತಿಯ ಹಮೀದಾ,

ನೀನೂ ನಿನ್ನ ಯಜಮಾನರು ಬುರಾನಸಾಬರೂ ಕ್ಷೇಮವೆಂದು ನಂಬಿದ್ದೇನೆ. ದೀಪಾವಳಿಗೆ ಬಂದ ನಿನ್ನ ಕಾಗದಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ರಮಜಾನ್ ಹಬ್ಬಕ್ಕೂ ನಾಲ್ಕು ಸಾಲು ಬರೆಯಲಿಲ್ಲ. ಪುರುಸೊತ್ತು ಇರಲಿಲ್ಲ ಎಂದರೆ ಸುಳ್ಳಾದೀತು. ನನಗೆ ಸಿಟ್ಟು ಬಂದಿತ್ತು. ಕಿತ್ತೂರಿಗೆ ವರ್ಗವಾಗಿ ಹೋದ ನಾಲ್ಕು ತಿಂಗಳಿಗೆ ಬರೆದ ಮೊದಲ ಕಾಗದದಲ್ಲಿ ನೀನು ಕೇಳಿದ್ದು ನನ್ನ ಆರೋಗ್ಯವನ್ನಲ್ಲ, ನಾವಿಬ್ಬರೂ ಇಂಗ್ಲಿಷ್ ಗಾದೆಗಳನ್ನು ಬರೆದಿಟ್ಟ ವಹಿಯನ್ನು.

ಇಲ್ಲಿ ಪ್ರಾರ್ಥನೆಯ ನಂತರ ದಿನಕ್ಕೊಂದು ಗಾದೆ ಇನ್ನೂ ನಡೆದಿದೆ. ಹನ್ನೆರಡು ವರ್ಷ ನಾನು ಇಂಗ್ಲಿಷಿನಲ್ಲಿ ಓದಿದೆ, ನೀನು ಊರ ಮಾತಿನಲ್ಲಿ ಬಿಡಿಸಿ ಹೇಳಿದೆ. ಈಗ ಎರಡೂ ನನ್ನ ಕೆಲಸ. ಶಬ್ದಕೋಶ ನೋಡಿ ಅರ್ಥ ಹೇಳುತ್ತೇನೆ, ಮಕ್ಕಳು ಆಕಳಿಸುತ್ತಾರೆ. ಮೊನ್ನೆ ‘ಹೊತ್ತಿಗೆ ಹಾಕಿದ ಒಂದು ಹೊಲಿಗೆ ಮುಂದಿನ ಒಂಬತ್ತನ್ನು ಉಳಿಸುತ್ತದೆ’ ಎಂಬ ಆ ಗಾದೆ ಕೇಳಿದರೆ ಏಳನೇ ವರ್ಗದ ಗುರುಬಸವ್ವ ಇಂಗ್ಲಿಷನ್ನು ಪೂರ್ತಿ ಮರೆತು, ನಿನ್ನ ಧ್ವನಿಯಲ್ಲೇ ಶುರುಮಾಡಿದಳು: “ನಮ್ಮ ಮನಿಯವ್ರ ಕೌದಿ ಬಟ್ಟು ತೂರೋವಷ್ಟ ಹರದಿತ್ತು. ನಾಳಿ ಹೊಲದ್ರಾತು ಅಂದ್ರು. ಈಗ ಅವರ ತಲೀನ ಹೊರಗ ಬರತೈತಿ!”

ಎಲ್ಲರೂ ನಕ್ಕರು. ಹೆಡ್‌ಮಾಸ್ತರ ಬಸವಣ್ಣೆಪ್ಪನವರು, “ಹಮೀದಾಬಿ ಬಾಯಾರು ಹೇಳಿದ್ದು ಹೆಂಗ ನೆನಪೈತಿ ನೋಡ್ರಿ” ಎಂದರು. ನನಗೆ ಹೊಟ್ಟೆಕಿಚ್ಚಾಯಿತು. ಇಂಗ್ಲಿಷ್ ಓದಿದವಳು ನಾನಲ್ಲವೇ?

ಅಲ್ಲಿ ಕೌಸರ್ ಎಂಬ ಹೊಸ ಶಿಕ್ಷಕಿ ಓದುತ್ತಾಳಂತೆ, ನೀನು ಹೇಳುತ್ತೀಯಂತೆ. ಕಿತ್ತೂರಿಗೆ ಹೋಗಿ ಬಂದ ಲಗಮಣ್ಣ ಮಾಸ್ತರರು, “ಜೋಡಿ ಭಾಳ ಛಲೋ ಕೂಡೇತ್ರಿ” ಎಂದು ಬಾಯಿ ತುಂಬ ಹೊಗಳಿದರು. ಆಕೆಯ ಉಚ್ಚಾರ ಹೇಗಿದೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಇರಲಿ. ವಹಿಯನ್ನು ಈ ಕಾಗದದ ಜೊತೆಗೇ ಕಳಿಸಿದ್ದೇನೆ. ಅರ್ಧ ನಿನ್ನದೇ ತಾನೆ. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ. ನಿನ್ನ ಮಗಳು ಶಾಹಿಸ್ತಾಳಿಗೆ ನನ್ನ ಆಶೀರ್ವಾದ. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ
ತಾರಾಬಾಯಿ

ತಾ.ಕ.: ಲಗಮಣ್ಣನವರ ಮಾತು ನಂಬದೆ ಹೋದ ಗುರುವಾರ ರಜೆ ಹಾಕಿ, ವಹಿಯನ್ನು ಕೈಯಾರೆ ಕೊಡುವ ನೆಪದಲ್ಲಿ ಮೊದಲ ಬಸ್ಸಿಗೆ ಕಿತ್ತೂರಿಗೆ ಬಂದಿದ್ದೆ. ನಿಮ್ಮ ಶಾಲೆಯ ಗೇಟಿನ ಹೊರಗೆ ನಿಂತು ಕೇಳಿದೆ. ಆಕೆ ಓದಿದಳು. ನೀನು ಅದೇ ಕೌದಿಯ ಕಥೆ ಹೇಳಿದೆ. ನಾನೂ ನಕ್ಕೆ. ಮುಗಿಸಿದವಳೇ ನೀನು ಎಡಕ್ಕೆ ಹೊರಳಿ ಆಕೆಯ ಮುಖ ನೋಡಿದೆ, ಹನ್ನೆರಡು ವರ್ಷ ‘ಸರಿಯಾಯಿತೇ’ ಎಂದು ನನ್ನ ಮುಖ ನೋಡುತ್ತಿದ್ದ ಹಾಗೆಯೇ. ಆಕೆ ತಲೆಯಾಡಿಸಿದಳು. ನಾನು ನಿನ್ನನ್ನು ಮಾತನಾಡಿಸದೆ ಬಸ್ಸು ಹತ್ತಿದೆ. ವಹಿಯಲ್ಲಿ ಒಂದು ಹಾಳೆ ಕಡಿಮೆಯಿದೆ, ಹುಡುಕಬೇಡ. ಕೌದಿಯದನ್ನು ನಾನು ಹರಿದು ಇಟ್ಟುಕೊಂಡಿದ್ದೇನೆ.