ಗುಡ್ಡ ಇಳಿಯಬಾರದ ಹಣ್ಣು

ಯಂತ್ರಗಳು ನಿಂತ ನೂರಾ ನಲವತ್ತನೆಯ ವರ್ಷ, ಶರತ್ತು, ಮಾಗುವಾರದ ಕೊನೆಯ ದಿನ

ಹಿಂದಿನವರೇ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನಿಮ್ಮ ಎಣಿಕೆಯಲ್ಲಿ ಅದು ಇಪ್ಪತ್ಮೂರನೆಯ ಶತಮಾನದ ಒಂದು ಅಕ್ಟೋಬರ್ ಇರಬೇಕು. ನಾವು ಆ ಎಣಿಕೆಯನ್ನು ಬಿಟ್ಟು ಬಹಳ ಕಾಲವಾಯಿತು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನಾನು ಓದಲು ಕಲಿತದ್ದು ನಿಮ್ಮ ಕಾಲದ ಕರಪತ್ರಗಳಿಂದ. ಗುಡ್ಡ ಉಳಿಸುವ ಸಭೆಗೆ ಬನ್ನಿ ಎಂದು ಕರೆಯುವ, ಅಂಚು ಹರಿದ ಹಳದಿ ಹಾಳೆಗಳು ಅವು. ಯಾರೋ ಪುಣ್ಯಾತ್ಮರು ತಗಡಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದರು. ನಮ್ಮೂರಲ್ಲಿ ಬೇರೆ ಅಚ್ಚಿನ ಕಾಗದವಿಲ್ಲ. ಕರಪತ್ರದಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ, ಆದ್ದರಿಂದ ನಾನೂ ಎಲ್ಲಾದರೂ ಕೂಗಿದರೆ ಅದು ಸಿಟ್ಟಲ್ಲ, ಅಭ್ಯಾಸ. ಕೆಲವು ಕಡೆ ಸಿಟ್ಟೂ ಹೌದು. ಈ ಪತ್ರ ನಿಮಗೆ ಹೇಗೆ ತಲುಪುತ್ತದೆಂದು ನನಗೆ ಗೊತ್ತಿಲ್ಲ. ನಿಮ್ಮ ಕರೆ ನನಗೆ ತಲುಪಿದ್ದು ಸಭೆ ಮುಗಿದು ಇನ್ನೂರು ವರ್ಷವಾದ ಮೇಲೆ. ನನ್ನದೂ ತಲುಪೀತು.

ನನ್ನ ಹೆಸರು ಸುಂಕಮ್ಮ. ಕಬ್ಬಿಣದ ಅದಿರಿಗಾಗಿ ನೀವು ಅರ್ಧ ಕಡಿದು ಬಿಟ್ಟ ಗುಡ್ಡದ ಬುಡದಲ್ಲಿ ನಮ್ಮೂರು. ಊರೆಂದರೆ ನೆರಳುಮನೆಗಳ ಒಂದು ಸಾಲು. ಅರ್ಧ ನೆಲದೊಳಗೆ, ಅರ್ಧ ಮೇಲೆ ಇರುವ ಮನೆಗೆ ನೆರಳುಮನೆ ಎನ್ನುತ್ತೇವೆ. ಬೇಸಿಗೆಯಲ್ಲಿ ಹಗಲೆಲ್ಲ ಅದರೊಳಗೇ ಇದ್ದು, ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಮಾತ್ರ ಹೊಲಕ್ಕೆ ಹೋಗುತ್ತೇವೆ. ನೀವು ಅಗೆದ ಹೊಂಡಗಳಲ್ಲಿ ಕೆಂಪು ನೀರು ನಿಂತಿದೆ. ಅದರಲ್ಲಿ ಮೀನು ಸಾಕುತ್ತೇವೆ, ದಂಡೆಯಲ್ಲಿ ನವಣೆ ಬೆಳೆಯುತ್ತೇವೆ. ಮಳೆ ನಿಂತ ಮೇಲೆ ಒಂದು ತಿಂಗಳು ಮಾತ್ರ ಬಿಸಿಲು ನಮ್ಮನ್ನು ಮನುಷ್ಯರಂತೆ ನಡೆಸಿಕೊಳ್ಳುತ್ತದೆ. ಆಕಾಶ ತೊಳೆದಿಟ್ಟಂತಿರುತ್ತದೆ. ನಡುಹಗಲಲ್ಲಿ ಅಂಗಳಕ್ಕೆ ಬಂದು ಸುಮ್ಮನೆ ನಿಲ್ಲಬಹುದು. ನಿಮಗೆ ಇದು ದೊಡ್ಡ ಸಂಗತಿಯಲ್ಲ. ನಾವು ಉಳಿದ ಹನ್ನೊಂದು ತಿಂಗಳು ಇದಕ್ಕಾಗಿ ಕಾಯುತ್ತೇವೆ. ಸೀತಾಫಲ ಕಣ್ಣು ಬಿಡುವುದೂ ಆಗಲೇ.

ಗುಡ್ಡದಲ್ಲಿ ಈಗ ಉಳಿದಿರುವ ಹಣ್ಣು ಅದೊಂದೇ. ಕಾರೆ, ಪರಿಗೆ, ಬೋರೆ ಎಂಬ ಹೆಸರುಗಳು ಮುದುಕಿಯರ ಬಾಯಲ್ಲಿವೆ. ಊರು ಬಿಟ್ಟು ಹೋದ ನೆಂಟರ ಹೆಸರು ಹೇಳುವಂತೆ ಹೇಳುತ್ತಾರೆ. ಸೀತಾಫಲ ಉಳಿದದ್ದು ಅದರ ಎಲೆಯನ್ನು ಆಡು ಮುಟ್ಟುವುದಿಲ್ಲ ಎಂಬ ಕಾರಣಕ್ಕೆ. ಆ ಕಹಿಗೆ ನಾವು ಕೈಮುಗಿಯಬೇಕು. ಹಣ್ಣು ಗಿಡದಲ್ಲೇ ಪೂರ್ತಿ ಮಾಗಲೆಂದು ಬಿಟ್ಟರೆ ಅಳಿಲು, ಗಿಳಿ, ಕರಡಿ ನಮಗೆ ಉಳಿಸುವುದಿಲ್ಲ. ಮೈಮೇಲಿನ ಗೆರೆಗಳು ಅಗಲವಾಗಿ ಬಿಳಿಚಿಕೊಂಡಾಗ, ಅಂದರೆ ಕಣ್ಣು ಬಿಟ್ಟಾಗ, ಗಟ್ಟಿಯಿರುವಾಗಲೇ ಕಿತ್ತು ಒಣಹುಲ್ಲಿನಲ್ಲಿ ಮುಚ್ಚಿಡಬೇಕು. ಇದು ನಿಮಗೂ ಗೊತ್ತಿರುತ್ತದೆ. ನೀವು ಮುಚ್ಚಿಡುವುದು ಮನೆಯ ಮೂಲೆಯಲ್ಲಿ. ನಾವು ಮುಚ್ಚಿಡುವುದು ಗುಡ್ಡದ ಮೇಲೆ, ಬಂಡೆಗಳ ಗುಳಿಯಲ್ಲಿ. ಅವು ಮಾಗುವವರೆಗೆ ಊರಿಗೆ ಊರೇ ಮೇಲೆ ಬಂದು, ಅಲ್ಲೇ ಒಲೆ ಹೂಡಿ, ಕಾಯುತ್ತದೆ. ಅದನ್ನು ಮಾಗುವಾರ ಎನ್ನುತ್ತೇವೆ.

ಇಷ್ಟೆಲ್ಲ ಏಕೆಂದರೆ, ಬೀಜ ಗುಡ್ಡ ಇಳಿಯಬಾರದು. ನಿಮ್ಮ ಕಾಲದಲ್ಲಿ ಕಣ್ಣು ಬಿಡದ ಕಾಯಿಯನ್ನೂ ಬಿಡದೆ ಕಿತ್ತು, ಲಾರಿಗಟ್ಟಲೆ ತುಂಬಿ, ದೂರದ ನಗರಗಳಿಗೆ ಒಯ್ದರು. ಹಣ್ಣನ್ನು ಯಾರೋ ತಿಂದರು, ಬೀಜ ಅವರ ಕಸದ ರಾಶಿ ಸೇರಿತು. ಗುಡ್ಡಕ್ಕೆ ಒಂದೂ ಮರಳಲಿಲ್ಲ. ಹಳೆಯ ಗಿಡಗಳು ಒಣಗಿದಾಗ ಅವುಗಳ ಜಾಗಕ್ಕೆ ಬರಲು ಮರಿಗಿಡ ಇರಲಿಲ್ಲ. ಆಮೇಲೆ ಉಳಿದವರು ಬರಿಗೈ ಕಟ್ಟಳೆ ಮಾಡಿದರು. ಬರಿಗೈಯಲ್ಲಿ ಹತ್ತಬೇಕು, ಮೇಲೆ ತಿನ್ನಬೇಕು, ಬೀಜವನ್ನು ಅಲ್ಲೇ ಮಣ್ಣಿನ ಸಂದಿಗೆ ಉಗಿಯಬೇಕು, ಬರಿಗೈಯಲ್ಲಿ ಇಳಿಯಬೇಕು. ಗುಡ್ಡದ ಬುಡದಲ್ಲಿ, ಹಾದಿಯ ಬಾಯಲ್ಲಿ ಕೈಗಾವಲು ನಿಂತಿರುತ್ತದೆ; ಇಳಿಯುವ ಪ್ರತಿಯೊಬ್ಬರೂ ಅಂಗೈ ತೋರಿಸಬೇಕು. ಹಣ್ಣಿನೊಂದಿಗೆ ಇಳಿದವರು ಮತ್ತೆ ಎಂದೂ ಮಾಗುವಾರಕ್ಕೆ ಹತ್ತುವಂತಿಲ್ಲ. ಕೈಗಾವಲಿನಲ್ಲಿ ನಾವಿಬ್ಬರು: ಹಿರಿಯರಾದ ಹೊನ್ನೂರಪ್ಪಜ್ಜ ಮತ್ತು ನಾನು. ನನ್ನನ್ನು ಯಾರೂ ನೇಮಿಸಲಿಲ್ಲ, ನಾನೇ ಕೇಳಿ ಪಡೆದೆ. ನಿಮ್ಮ ಕರಪತ್ರಗಳನ್ನು ಓದಿದ ಮೇಲೆ ಬೇರೆ ಕೆಲಸ ನನಗೆ ಕೆಲಸವೆನಿಸಲಿಲ್ಲ. ಗುಡ್ಡ ಎಲ್ಲರದು ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುವ ಒಂದು ಹಾಳೆಯನ್ನು ಬಾಯಿಪಾಠ ಮಾಡಿ ಊರಿಗೆಲ್ಲ ಓದಿ ಹೇಳುತ್ತಿದ್ದೆ.

ಈ ವರ್ಷ ಮಳೆ ನಿಲ್ಲುವ ಹೊತ್ತಿಗೆ ನನ್ನ ಅಜ್ಜಿ ಹುಲಿಗೆಮ್ಮ ಊಟ ಬಿಟ್ಟಳು. ತಾಯಿಯಿಲ್ಲದ ನನ್ನನ್ನೂ ಅಣ್ಣ ಗಾದಿಲಿಂಗನನ್ನೂ ಸಾಕಿದವಳು ಅವಳು. ನವಣೆ ಗಂಜಿ ಬೇಡ, ಮೀನು ಬೇಡ. ಒಂದು ದಿನ ತಾನಾಗಿಯೇ ಬಾಯಿ ಬಿಟ್ಟು ಕೇಳಿದಳು: “ಒಂದ್ ಸೀತಾಫಲ ತಂದ್ಕೊಡವಾ. ಮತ್ತೇನೂ ಕೇಳಂಗಿಲ್ಲ.”

“ಬೀಜ ಗುಡ್ಡ ಇಳಿಯಂಗಿಲ್ಲಬೇ,” ಎಂದೆ.

“ನಾ ಎಲ್ಲಿ ಬೀಜ ಕೇಳೀನಿ? ಹಣ್ಣು ಕೇಳೀನಿ.”

ಪಕ್ಕದ ಮನೆಯ ಇಮಾಂಬಿ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಅವಳೂ ಅಜ್ಜಿಯೂ ಒಂದೇ ವಯಸ್ಸಿನವರು, ಹುಡುಗಿಯರಾಗಿದ್ದಾಗಿನಿಂದ ಜೊತೆಗೆ ಗುಡ್ಡ ಹತ್ತಿದವರು. ಇಬ್ಬರೂ ಹತ್ತುವುದನ್ನು ಬಿಟ್ಟು ಐದಾರು ಶರತ್ತು ಕಳೆದಿವೆ. “ಆಕಿನ್ನ ಯಾಕ ಕಾಡ್ತಿ ಹುಲಿಗಿ,” ಎಂದಳು ಇಮಾಂಬಿ, “ನಿನ್ ಮೊಮ್ಮಗಳು ದೇವ್ರು ಬಂದ್ರೂ ಅಂಗೈ ತೋರ್ಸಂತಾಳ.” ಇಬ್ಬರೂ ಕೆಮ್ಮುವವರೆಗೆ ನಕ್ಕರು. ನಾನು ನಗಲಿಲ್ಲ. ಹಣ್ಣು ಕೆಳಗೆ ಬರಬಾರದೆಂದರೆ ಅವರು ಮೇಲೆ ಹೋಗಬೇಕು, ಅಷ್ಟೇ ತಾನೆ ಎಂದು ಯೋಚಿಸುತ್ತಿದ್ದೆ. ಆ ಯೋಚನೆ ಬಂದಾಗ ನನಗೆ ನನ್ನ ಮೇಲೆ ಹೆಮ್ಮೆಯೂ ಆಯಿತು.

ಕಂಬಳಿಗೆ ಬಿದಿರು ಕಟ್ಟಿ ಎರಡು ಜೋಲಿ ಮಾಡಿದೆವು. ಗಾದಿಲಿಂಗ ತನ್ನ ಗೆಳೆಯರನ್ನು ಕರೆತಂದ. ಮಾಗುವಾರದ ಮೊದಲ ಬೆಳಿಗ್ಗೆ ಇಬ್ಬರನ್ನೂ ಹೊತ್ತು ಹೊರಟೆವು. “ಮೆತ್ತಗ ಹೊರ್ರೋ,” ಎಂದು ಅಜ್ಜಿ ಜೋಲಿಯೊಳಗಿಂದ ಕೂಗುತ್ತಿದ್ದಳು, “ನಾ ಇನ್ನಾ ಹೆಣ ಆಗಿಲ್ಲ.”

“ಹೆಣ ಆಗಿದ್ರ ಇಷ್ಟ್ ಬೈತಿದ್ದಿಲ್ಲ ಬಿಡು,” ಎಂದ ಗಾದಿಲಿಂಗ.

ಮೊದಲ ಏರು ಮುಗಿಯುವ ಮುಂಚೆಯೇ ಇಮಾಂಬಿಗೆ ಉಸಿರು ಕಟ್ಟಿತು. ಜೋಲಿಯಲ್ಲಿ ಮಲಗಿದ್ದರೂ, ಬಿಡಿಸಿ ಕೂರಿಸಿದರೂ, ಎದೆ ಬಿಗಿಹಿಡಿದು ತುಟಿ ನೀಲಿಯಾಯಿತು. ಕೆಳಗಿಳಿಸಿದರೆ ಉಸಿರು ಸರಾಗ, ಮೇಲೆ ಹತ್ತಿಸಿದರೆ ಮತ್ತೆ ಬಿಗಿತ. ಕೊನೆಗೆ ಅವಳೇ ಕೈ ಬೀಸಿದಳು: “ನಡೀರಿ ನಡೀರಿ. ನನ್ನ ಪಾಲಿಂದೂ ಹುಲಿಗೀನ ತಿನ್ಲಿ.” ಅವಳ ಜೋಲಿ ಹಿಂದಕ್ಕೆ ಹೋಯಿತು. ಅಜ್ಜಿ ಅದು ತಿರುವಿನಲ್ಲಿ ಮರೆಯಾಗುವವರೆಗೆ ಕತ್ತು ಹೊರಳಿಸಿ ನೋಡುತ್ತಿದ್ದಳು. ಅಲ್ಲಿಂದ ಮುಂದೆ ನಮ್ಮನ್ನು ಬೈಯಲಿಲ್ಲ.

ಮೇಲೆ ಬಂದು ಕಾಯಿ ಕಿತ್ತು ಗುಳಿಗೆ ಹಾಕಿದೆವು. ಕಾಯುವ ದಿನಗಳನ್ನು ನಿಮಗೆ ಹೇಗೆ ವಿವರಿಸಲಿ! ಬಂಡೆಯ ಮೇಲೆ ಎಳೆಬಿಸಿಲು. ಹುಲ್ಲಿನ ಕೆಳಗಿಂದ ದಿನದಿಂದ ದಿನಕ್ಕೆ ಹೆಚ್ಚುವ ವಾಸನೆ. ಗುಳಿಯನ್ನು ಪದೇ ಪದೇ ಮುಟ್ಟಿದರೆ ಹಣ್ಣು ಮಾಗದೆ ಗಂಟಾಗುತ್ತದೆಂದು ಹಿರಿಯರು ಹೆದರಿಸುತ್ತಾರೆ, ಆದರೂ ಮಕ್ಕಳು ಹುಲ್ಲು ಸರಿಸಿ ಹೆಬ್ಬೆರಳು ಒತ್ತಿ ಬರುತ್ತಾರೆ. ಅಜ್ಜಿ ಬಂಡೆಗೆ ಒರಗಿ, ತನ್ನ ಅಜ್ಜಿಯಿಂದ ಕೇಳಿದ್ದನ್ನು ಹೇಳುತ್ತಿದ್ದಳು. ಹಿಂದೆ ಬಸ್ ನಿಲ್ದಾಣ ಎಂಬ ಜಾಗವಿತ್ತಂತೆ. ಅಲ್ಲಿ ಹೆಂಗಸರು ಬುಟ್ಟಿ ತುಂಬ ಸೀತಾಫಲ ಇಟ್ಟುಕೊಂಡು ಕೂರುತ್ತಿದ್ದರಂತೆ. ಗುಡ್ಡವನ್ನೇ ಕಾಣದ ಮುದುಕಿಯೂ ಕೊಂಡು, ಅಲ್ಲೇ ಕಟ್ಟೆಯ ಮೇಲೆ ಕೂತು, ಬಾಯಿ ಒರೆಸಿಕೊಳ್ಳುತ್ತ ತಿನ್ನಬಹುದಿತ್ತಂತೆ. ಬಸ್ಸು ಹೇಗಿರುತ್ತದೆಂದು ನನಗೆ ಗೊತ್ತಿಲ್ಲ. ಆ ಬುಟ್ಟಿಯನ್ನು ಮಾತ್ರ ಎಷ್ಟೋ ಸಲ ಕಣ್ಣೆದುರು ತಂದುಕೊಂಡು ಶಪಿಸಿದ್ದೆ. ಎಲ್ಲ ಹಾಳಾದದ್ದು ಅಲ್ಲಿಂದಲೇ ಎಂದು. ಈ ಸಲ ಬಂಡೆಯ ಮೇಲೆ ಕೂತು ಕೇಳುವಾಗ, ಹಿಂದಿನವರೇ, ನನಗೆ ನಿಮ್ಮ ಬುಟ್ಟಿಯ ಮೇಲೆ ಆಸೆಯಾಯಿತು. ಗುಡ್ಡದ ಮೇಲೂ ಹಣ್ಣಿದೆ, ಗುಡ್ಡದ ಕೆಳಗೂ ಇದೆ, ಯಾರೂ ಯಾರ ಅಂಗೈಯನ್ನೂ ನೋಡುತ್ತಿಲ್ಲ! ಅಂಥದೊಂದು ಬೆಳಿಗ್ಗೆ ನಿಮಗಿತ್ತು. ಅದನ್ನು ನೀವು ಬೆಳಿಗ್ಗೆಯೆಂದು ಕೂಡ ಗಮನಿಸಿರಲಿಕ್ಕಿಲ್ಲ.

ಇಂದು ಮುಂಜಾನೆ ಗುಳಿ ತೆರೆದೆವು. ನಮ್ಮ ಗುಳಿಯಲ್ಲಿ ಕೆಲವು ಕಲ್ಲಾಗಿಯೇ ಉಳಿದಿದ್ದವು, ಕೆಲವಕ್ಕೆ ಇರುವೆ ಹತ್ತಿತ್ತು. ಒಂದು ಮಾತ್ರ ಬೆರಳು ತಾಗಿದರೆ ಸಾಕು ಬಿರಿಯುವಂತೆ ಮಾಗಿತ್ತು. ಅಜ್ಜಿಯ ಕೈಗೆ ಇಟ್ಟೆ. ಅವಳು ಅದನ್ನು ಎರಡು ಹೋಳು ಮಾಡಿದಳು. ಸಿಪ್ಪೆಗೆ ಅಂಟಿದ, ಸಕ್ಕರೆಯಂತೆ ಹರಳುಹರಳಾದ ತಿರುಳನ್ನು ಮೊದಲು ನೆಕ್ಕಿದಳು. ಇಷ್ಟು ದಿನ ಗಂಜಿ ಇಳಿಯದ ಗಂಟಲಲ್ಲಿ ಅದು ಇಳಿಯುವುದನ್ನು ನಾನೂ ಗಾದಿಲಿಂಗನೂ ನೋಡಿದೆವು. ಕರಿ ಬೀಜಗಳನ್ನು ಒಂದೊಂದಾಗಿ ಸಂದಿಗೆ ಉಗಿದಳು. ಒಂದು ಹೋಳು ಮುಗಿಯಿತು. ಇನ್ನೊಂದನ್ನು ನನ್ನ ಕಡೆ ಚಾಚಿದಳು.

“ತಿನ್ನಬೇ,” ಎಂದೆ, “ನನಗ ಬ್ಯಾಡ.”

“ನಿನಗ ಯಾರ್ ಕೊಟ್ರು? ಇಮಾಂಬಿಗೆ ಒಯ್ದು ಕೊಡು.”

ನಾನು ಕಟ್ಟಳೆ ಹೇಳಿದೆ. ಲಾರಿಗಳ ಕಥೆ ಹೇಳಿದೆ. ಒಬ್ಬರಿಗೆ ಬಿಟ್ಟರೆ ನಾಳೆ ಹತ್ತು ಜನ, ನಾಡಿದ್ದು ಬುಟ್ಟಿ, ಆಚೆ ನಾಡಿದ್ದು ಗಾಡಿ ಎಂದೆ. ನನ್ನ ದನಿ ಕರಪತ್ರದ ದನಿಯೇ ಆಗಿತ್ತು. ಅಜ್ಜಿ ಕೊನೆಯವರೆಗೆ ಕೇಳಿದಳು. ಅವಳು ಎಂದೂ ನಡುವೆ ಬಾಯಿ ಹಾಕುವವಳಲ್ಲ. ಆಮೇಲೆ ಕೇಳಿದಳು: “ಗುಡ್ಡ ಎಲ್ಲಾರದು ಅಂತ ಓದಿ ಹೇಳ್ತಿದ್ದೆಲ್ಲವಾ. ಎಲ್ಲಾರು ಅಂದ್ರ ಯಾರು? ಕಾಲಿದ್ದೋರು ಅಷ್ಟನಾ?”

ಗಾದಿಲಿಂಗ ಬೇರೆ ಕಡೆ ನೋಡಿದ. ಕಟ್ಟಳೆ ಸರಿಯಾಗಿಯೇ ಇದೆ; ಅದಿಲ್ಲದಿದ್ದರೆ ಅಜ್ಜಿಯ ಕೈಯಲ್ಲಿ ಈ ಹಣ್ಣೇ ಇರುತ್ತಿರಲಿಲ್ಲ. ಆದರೆ ಕೆಳಗೆ ಗೋಡೆಗೆ ಒರಗಿ ಕೂತ ಮುದುಕಿಗೂ ಈ ಗುಡ್ಡದ ಮೇಲೆ ನನ್ನಷ್ಟೇ ಹಕ್ಕಿದೆ. ಎರಡೂ ನಿಜವಾದಾಗ ಏನು ಮಾಡಬೇಕೆಂದು ನಿಮ್ಮ ಯಾವ ಹಾಳೆಯಲ್ಲೂ ಬರೆದಿಲ್ಲ.

ಹಾಗಾಗಿ ನಾನೇ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಈ ಹೋಳನ್ನು ಕೆಳಗೆ ಒಯ್ಯುತ್ತೇನೆ. ಇಮಾಂಬಿ ತಿನ್ನುವವರೆಗೆ ಎದುರಿಗೆ ಕೂತು, ಅವಳು ಉಗಿದ ಬೀಜಗಳನ್ನೆಲ್ಲ ಹಿಡಿದು, ಇಂದೇ ಮತ್ತೆ ಗುಡ್ಡಕ್ಕೆ ತರಲು ಹೊನ್ನೂರಪ್ಪಜ್ಜನ ಅನುಮತಿ ಕೇಳುತ್ತೇನೆ. ಕೊಡದಿದ್ದರೆ, ಮೇಲೆ ಒಯ್ದು ಮಣ್ಣಿಗೆ ಹಾಕಲೆಂದು ಬೀಜವನ್ನು ಅವರ ಕೈಗೇ ಕೊಟ್ಟು ಹಾದಿಯ ಬಾಯಲ್ಲೇ ನಿಲ್ಲುತ್ತೇನೆ. ನಾನು ಮತ್ತೆ ಎಂದೂ ಮಾಗುವಾರಕ್ಕೆ ಹತ್ತುವಂತಿಲ್ಲ ಎಂದಾರು. ನಾನೇ ಎಷ್ಟೋ ಜನರಿಗೆ ಆ ಮಾತನ್ನು ಎಚ್ಚರಿಕೆಯಾಗಿ ಹೇಳಿದ್ದೇನೆ, ಅದರ ಭಾರ ಈಗ ಗೊತ್ತಾಗುತ್ತಿದೆ. ಈ ಬಂಡೆಗಳು, ಈ ಎಳೆಬಿಸಿಲು, ಹುಲ್ಲಿನ ಕೆಳಗಿನ ಈ ವಾಸನೆ ಇವೆಲ್ಲವನ್ನೂ ಮುಂದಿನ ಶರತ್ತಿನಲ್ಲಿ ಕೆಳಗಿನಿಂದ ಕತ್ತೆತ್ತಿ ನೋಡಬೇಕಾಗಬಹುದು. ಇಳಿಯುವ ಮೊದಲು ಇದನ್ನು ನಿಮಗೆ ಬರೆಯುತ್ತಿರುವುದು, ಬರೆಯುವಷ್ಟು ಹೊತ್ತಾದರೂ ಇಲ್ಲಿ ಇರಬಹುದಲ್ಲ ಎಂಬ ಆಸೆಯಿಂದಲೂ ಹೌದು.

ನಿಮ್ಮನ್ನು ಬೈದು ಮುಗಿಸಬೇಕೆಂದಿದ್ದೆ. ಅದು ಬೇಡ. ಒಂದನ್ನು ಕೇಳುತ್ತೇನೆ. ಈ ಶರತ್ತಿನಲ್ಲಿ ಯಾವುದಾದರೂ ಕಲ್ಲುಗುಡ್ಡ ಹತ್ತಿದರೆ ಹೊಟ್ಟೆ ತುಂಬ ತಿನ್ನಿ. ಬುಟ್ಟಿಯಲ್ಲೂ ತನ್ನಿ, ಮನೆಯಲ್ಲಿ ಹತ್ತಲಾಗದವರು ಇರುತ್ತಾರೆ. ಕಣ್ಣು ಬಿಡದ ಕಾಯಿಗೆ ಮಾತ್ರ ಕೈ ಹಾಕಬೇಡಿ. ತಿಂದ ಮೇಲೆ ಬೀಜವನ್ನು ಕಸಕ್ಕೆ ಹಾಕದೆ, ಅದು ಬಂದ ಗುಡ್ಡಕ್ಕೇ ಒಯ್ದು ಚೆಲ್ಲಿ. ಕಾರೆ, ಪರಿಗೆ, ಬೋರೆಗಳು ನಿಮ್ಮಲ್ಲಿ ಇನ್ನೂ ಇದ್ದರೆ, ದಯವಿಟ್ಟು, ಅವಕ್ಕೂ ಅಷ್ಟೇ ಮಾಡಿ. ನಿಮ್ಮ ಪಶ್ಚಾತ್ತಾಪ ನಮಗೆ ಯಾವ ಕೆಲಸಕ್ಕೂ ಬಾರದು. ಒಬ್ಬ ಮುದುಕಿಗೆ ಅರ್ಧ ಹಣ್ಣು ಒಯ್ಯಲು ಯಾರ ಅಪ್ಪಣೆಯೂ ಬೇಕಾಗದಷ್ಟು ಗಿಡ ನಮಗೆ ಬೇಕು.

ಹೊತ್ತು ಏರುತ್ತಿದೆ. ಹೊನ್ನೂರಪ್ಪಜ್ಜ ಹಾದಿಯ ಬಾಯಿಗೆ ಬಂದು ನಿಂತಿರುವುದು ಇಲ್ಲಿಗೆ ಕಾಣುತ್ತಿದೆ. ಹಣ್ಣನ್ನು ಎಲೆಯಲ್ಲಿ ಸುತ್ತುವುದಿಲ್ಲ, ಸೆರಗಿನಲ್ಲಿ ಮುಚ್ಚುವುದಿಲ್ಲ. ಅಂಗೈ ಮೇಲೆ ಇಟ್ಟುಕೊಂಡು, ಅವರಿಗೆ ದೂರದಿಂದಲೇ ಕಾಣುವಂತೆ ಇಳಿಯುತ್ತೇನೆ.

ಹೋಗಿ ಬರುತ್ತೇನೆ.

ಸುಂಕಮ್ಮ